ಕಪ್ಪಾಗದ ಚಕ್ರ

"ಬುದ್ಧೀ, ಮಠದಲ್ಲಿ ಈಗ ಜಗಳವಿಲ್ಲ. ಇದನ್ನು ಶಾಂತಿ ಎನ್ನಬಹುದೇ?" ಎಂದು ಮರುಳಸಿದ್ಧ ಕೇಳಿದ.

ಮರುಳಸಿದ್ಧ ಮಠದ ಹಿರಿಯ ಶಿಷ್ಯ. ಗುರುಗಳಿಗೆ ವಯಸ್ಸಾದ ಮೇಲೆ ಆಡಳಿತವನ್ನೆಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಕೇಳಿದ್ದು ಪ್ರಶ್ನೆಯಾದರೂ ಅವನಿಗೆ ಬೇಕಾಗಿದ್ದದ್ದು ಶಭಾಸ್‌ಗಿರಿ. ಅದು ಗುರುಗಳಿಗೂ ಗೊತ್ತಾಯಿತು.

"ಮೊದಲು ಜಗಳ ಮಾಡುತ್ತಿದ್ದವರು ಯಾರು?" ಎಂದರು.

"ಉಗ್ರಾಣದವನು ಬುದ್ಧೀ. ಜೋಳ ತರಿಸಿದರೆ ಹುಳು ಅಂತಾನೆ, ಗೋಡೆ ಎತ್ತಿದರೆ ಪಾಯ ಸಡಿಲ ಅಂತಾನೆ. ಕಚೇರಿಯ ಯಜಮಾನರೂ ಇದ್ದಾರೆ, ಮೂವತ್ತು ವರ್ಷದಲ್ಲಿ ಒಂದು ದಿನವೂ ಎದುರು ಮಾತಾಡಿದವರಲ್ಲ. ಅವರಿಗೂ ಇವನಿಗೂ ಎಣ್ಣೆ ಸೀಗೆಕಾಯಿ. ಸಾಕಾಗಿ ಇವನನ್ನು ಹೂದೋಟಕ್ಕೆ ಹಾಕಿದೆ. ಒಂದು ತಿಂಗಳಾಯ್ತು, ಉಸಿರಿಲ್ಲ."

ಗುರುಗಳು ಕುಳಿತುಕೊಳ್ಳಲು ಹೇಳಿ ಕತೆ ಶುರುಮಾಡಿದರು.

ಬೇರೆ ಮಠಗಳ ದೃಷ್ಟಾಂತದಲ್ಲಿ ಹಂಸ ಬರುತ್ತದೆ, ತಾವರೆ ಬರುತ್ತದೆ. ನನ್ನದರಲ್ಲಿ ಗ್ರೀಸು ಬರುತ್ತದೆ. ಸಹಿಸಿಕೋ. ಕಾವಿ ಉಡುವ ಮೊದಲು ನಾನು ಘಟ್ಟದ ಮೇಲಿನ ಒಂದು ಊರಿನಲ್ಲಿ ಬ್ರೇಕ್ ಕೆಲಸದ ಮೇಸ್ತ್ರಿಯಾಗಿದ್ದವನು. ಈ ಕತೆಯಲ್ಲಿ ಒಬ್ಬ ಮೇಸ್ತ್ರಿ ಬರುತ್ತಾನೆ. ಅವನು ನಾನೇ. ಬೇರೆಯವನೆಂದು ಹೇಳಿದರೆ ನನಗೆ ಹಗುರವಾಗುತ್ತದೆ, ಕತೆ ಸುಳ್ಳಾಗುತ್ತದೆ.

ಅದೇ ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಒಳ್ಳೆಯವನು, ಬುದ್ಧಿವಂತ, ಕೈಯಲ್ಲಿ ಕಸುಬಿದ್ದವನು. ಅವನ ಅಂಗಡಿಗೆ ಹೋದರೆ ಕೊಡದಲ್ಲಿ, ತಟ್ಟೆಯಲ್ಲಿ, ಸೌಟಿನಲ್ಲಿ ನಮ್ಮದೇ ಮುಖ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಒಂದೊಂದನ್ನೂ ತಾನೇ ಒರೆಸಿ ಇಡುತ್ತಿದ್ದ. ಹೊಳೆಯುವುದು ಒಳ್ಳೆಯದು, ಕಪ್ಪಾದದ್ದು ಕೆಟ್ಟದ್ದು. ಪಾತ್ರೆ ಅಂಗಡಿಯ ಮಟ್ಟಿಗೆ ಅದು ನಿಜ. ಅದು ಎಲ್ಲ ಕಡೆಯೂ ನಿಜವೆಂದು ಅವನು ತಿಳಿದಿದ್ದ.

ಅವನಿಗೆ ಒಂದು ಹುಚ್ಚಿತ್ತು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿದ್ದ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಎಲ್ಲಿಂದಲೋ ತಂದು, ಮನೆಯ ಹಿಂದೆ ಶೆಡ್ಡು ಹಾಕಿ, ನಟ್ಟು ನಟ್ಟು ಬಿಚ್ಚಿ ತಾನೇ ರಿಪೇರಿ ಮಾಡಿದ್ದ. ಯಾವ ಗ್ಯಾರೇಜಿಗೂ ಬಿಡುತ್ತಿರಲಿಲ್ಲ. ಕೂಲಿಗೆ ಮಾಡುವವನ ಕೈಯಲ್ಲಿ ಪ್ರೀತಿ ಇರುವುದಿಲ್ಲ ಎನ್ನುತ್ತಿದ್ದ. ನನ್ನೆದುರಿಗೇ ಹೇಳುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅದರಲ್ಲಿ ಸುಳ್ಳಿರಲಿಲ್ಲ.

ಕಾರು ಅವನದು, ಓಡಿಸುವುದು ಹೆಂಡತಿ. ಆಕೆ ಘಟ್ಟದ ಕೆಳಗಿನ ಊರಿನಲ್ಲಿ ಶಾಲೆಯ ಟೀಚರು. ದಿನಾ ಬೆಳಿಗ್ಗೆ ಇಳಿಯಬೇಕು, ಸಂಜೆ ಹತ್ತಬೇಕು. ಹನ್ನೆರಡು ತಿರುವು. ಇಳಿಯುವಾಗ ಎಡಕ್ಕೆ ಕಣಿವೆ. ಆಕೆಯಷ್ಟು ಹದವಾಗಿ ಆ ಘಟ್ಟ ಇಳಿಸುವವರನ್ನು ನಾನು ಬಸ್ಸಿನ ಡ್ರೈವರುಗಳಲ್ಲೂ ನೋಡಲಿಲ್ಲ.

ಒಂದು ದಿನ ಆಕೆ ಗಂಡನಿಗೆ ಹೇಳಿದಳು: "ರೀ, ಬ್ರೇಕ್ ಒತ್ತಿದ್ರೆ ಗಾಡಿ ಎಡಕ್ಕೆ ಎಳೆಯುತ್ತೆ. ಸ್ಟಿಯರಿಂಗ್ ಬಲಕ್ಕೆ ಹಿಡ್ಕೊಂಡೇ ಇರ್ಬೇಕು."

"ಭಾನುವಾರ ನೋಡ್ತೀನಿ ಬಿಡು" ಎಂದ.

ಇಲ್ಲಿ ನಿನಗೆ ಒಂದು ವಿಷಯ ತಿಳಿದಿರಬೇಕು. ಮುಂದಿನ ಎರಡು ಚಕ್ರಗಳ ಜೊತೆ ಒಂದೊಂದು ಕಬ್ಬಿಣದ ತಟ್ಟೆ ತಿರುಗುತ್ತಿರುತ್ತದೆ. ಅದನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಇಕ್ಕಳವೇ ಕ್ಯಾಲಿಪರ್. ಅದರೊಳಗೆ ಪಿಸ್ಟನ್ ಇರುತ್ತದೆ. ಕಾಲಿನಿಂದ ಬ್ರೇಕ್ ಒತ್ತಿದರೆ ಎಣ್ಣೆ ಪಿಸ್ಟನನ್ನು ನೂಕುತ್ತದೆ, ಪಿಸ್ಟನ್ ಪ್ಯಾಡನ್ನು ನೂಕುತ್ತದೆ, ಪ್ಯಾಡು ತಟ್ಟೆಯನ್ನು ಕಚ್ಚುತ್ತದೆ. ಕಚ್ಚಿದ ಪ್ಯಾಡು ಸವೆಯುತ್ತದೆ. ಸವೆದ ಪುಡಿ ಚಕ್ರಕ್ಕೆ ಮೆತ್ತುತ್ತದೆ. ಅಷ್ಟೇ ವಿದ್ಯೆ. ಇದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ಭಾನುವಾರ ವ್ಯಾಪಾರಿ ಪರೀಕ್ಷೆ ಮಾಡಿದ. ಬೇಕಾಬಿಟ್ಟಿ ಮಾಡುವ ಆಸಾಮಿಯಲ್ಲ ಅವನು. ಎಡದ ಚಕ್ರ ನೋಡಿದ: ಒಲೆಯ ಮೇಲಿಟ್ಟ ಪಾತ್ರೆಯ ತಳದಂತೆ ಕಪ್ಪು. ಬಲದ ಚಕ್ರ ನೋಡಿದ: ಲಕಲಕ. ಒಂದು ಸುತ್ತು ಓಡಿಸಿ ಬಂದು ಎರಡನ್ನೂ ಮುಟ್ಟಿದ. ಎಡದ್ದು ಕೈ ಸುಟ್ಟಿತು, ಬಲದ್ದು ತಣ್ಣಗಿತ್ತು. ಗಾಡಿ ಎಳೆಯುವುದೂ ಎಡಕ್ಕೆ. ಮೂರು ಸಾಕ್ಷಿ ಸಿಕ್ಕಿತು. ಮೂರೂ ನಿಜವಾದ ಸಾಕ್ಷಿ. ಎಡದ ಕ್ಯಾಲಿಪರ್ ಕೆಟ್ಟಿದೆ, ಹಿಡಿದದ್ದನ್ನು ಬಿಡುತ್ತಿಲ್ಲ ಎಂದು ತೀರ್ಮಾನಿಸಿದ.

ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. "ಬಲಗಡೇದು ನೋಡಿ, ತೊಳೆಯೋದೇ ಬೇಡ. ಯಾವಾಗ್ಲೂ ಹೊಸದರ ಹಾಗೇ ಇರುತ್ತೆ" ಎಂದಳು.

"ಒಳ್ಳೇದು ಹಾಗೇ ಇರೋದು" ಎಂದ ಅವನು.

ಮಾರನೆಯ ದಿನ ರಬ್ಬರ್ ಕಿಟ್ ಕೊಳ್ಳಲು ನನ್ನಲ್ಲಿಗೆ ಬಂದ. ಕ್ಯಾಲಿಪರ್ ಬಿಚ್ಚಿದ ಮೇಲೆ ಎಣ್ಣೆ ಸೋರದಂತೆ ತಡೆಯುವ ಒಳಗಿನ ರಬ್ಬರ್ ಬಳೆ, ಅಂದರೆ ಸೀಲ್, ಬದಲಾಯಿಸಲೇಬೇಕು. ಆ ಕಿಟ್ಟಿನಲ್ಲಿ ಎರಡೂ ಕಡೆಗೆ ಬೇಕಾದ ಸೀಲ್ ಇರುತ್ತವೆ. ಒಂದು ಕಡೆಗೆ ಮಾತ್ರ ಸಾಕು ಎಂದ. ಬಿಡಿ ಮಾರುವುದಿಲ್ಲ ಎಂದೆ. ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ಯಾರು ಮಾಡಿದ್ದೋ ಗೊತ್ತಿಲ್ಲ, ನನಗೆ ಕಲಿಸಿದವರು ಹೇಳಿದರು, ಅವರಿಗೆ ಕಲಿಸಿದವರು ಹೇಳಿದ್ದರು: ಬ್ರೇಕನ್ನು ಜೋಡಿಯಾಗಿಯೇ ಬಿಚ್ಚಬೇಕು. ಒಂದು ಚಕ್ರ ದೂರು ಹೇಳಿದರೆ ಇನ್ನೊಂದನ್ನೂ ಕೇಳಬೇಕು.

"ಸಾಹುಕಾರ್ರೆ, ಬಲಗಡೇದೂ ಬಿಚ್ಚಿ ನೋಡಿ" ಎಂದೆ.

"ಯಾಕೆ ಮೇಸ್ತ್ರಿ? ಅದೇನೂ ತಂಟೆ ಮಾಡಿಲ್ವಲ್ಲ. ಸುಮ್ಮನಿರೋದನ್ನ ಕೆದಕೋದು ನಿಮ್ಮ ಗ್ಯಾರೇಜಿನವರ ಬುದ್ಧಿ. ಒಂದಕ್ಕೆ ಎರಡು ಕೂಲಿ."

ನಾನು ಕೂಲಿ ಕೇಳಿರಲಿಲ್ಲ. ಮಾಡುವವನು ಅವನೇ, ನನಗೆಲ್ಲಿಯ ಕೂಲಿ? ಆದರೂ ಆ ಮಾತು ನನಗೆ ನಾಟಿತು. ಕೇಳದವನಿಗೆ ಹೇಳಿ ಬಾಯಿ ಏಕೆ ನೋಯಿಸಿಕೊಳ್ಳಲಿ ಎಂದುಕೊಂಡೆ. "ನಿಮ್ಮಿಷ್ಟ" ಎಂದು ಕಿಟ್ ಕೊಟ್ಟೆ. ಸಿಟ್ಟು ಬಂದಾಗ ಸುಮ್ಮನಾಗುವುದನ್ನು ನಾವು ದೊಡ್ಡ ಗುಣವೆಂದು ಹೊಗಳುತ್ತೇವೆ. ಎಲ್ಲ ಕಡೆಯೂ ಅಲ್ಲ.

ಅವನು ಎಡದ ಕ್ಯಾಲಿಪರನ್ನು ಮನೆಯಲ್ಲೇ ಬಿಚ್ಚಿದ. ಗಾಳಿ ಹೊಡೆಯುವ ಪಂಪಿನಿಂದ ಪಿಸ್ಟನನ್ನು ಮೆಲ್ಲಗೆ ಹೊರಗೆ ತಂದ. ಅದು ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಕೆಟ್ಟಿದ್ದರೆ ಹಾಗೆ ಬರುವುದಿಲ್ಲ. ಅಲ್ಲಿ ಅವನು ನಿಂತು ಯೋಚಿಸಬಹುದಿತ್ತು. ತನ್ನ ಕೈಗುಣವೆಂದು ಹಿಗ್ಗಿದ. ಪೆಟ್ರೋಲ್, ಸೀಮೆಎಣ್ಣೆ ತಾಗಿದರೆ ರಬ್ಬರು ಉಬ್ಬುತ್ತದೆಂದು ತಿಳಿದವನು, ಹೊಸ ಬ್ರೇಕ್ ಎಣ್ಣೆಯಲ್ಲೇ ಎಲ್ಲವನ್ನೂ ತೊಳೆದ. ಸೀಲ್ ಕೂರುವ ತೋಡನ್ನು ಗೀರು ಬೀಳದಂತೆ ಬಿದಿರು ಕಡ್ಡಿಯಿಂದ ಕೆರೆದ. ಹೊಸ ಸೀಲ್ ಕೂರಿಸಿದ. ಕೂದಲಷ್ಟೂ ತಪ್ಪಿಲ್ಲ.

ಆಮೇಲೆ ಗಾಳಿ ತೆಗೆಯಬೇಕು. ಎಣ್ಣೆಯಲ್ಲಿ ಗುಳ್ಳೆ ಉಳಿದರೆ ಬ್ರೇಕ್ ಹಿಡಿಯುವುದಿಲ್ಲ. ಅದು ಇಬ್ಬರ ಕೆಲಸ. ಹೆಂಡತಿ ಒಳಗೆ ಕುಳಿತಳು, ಅವನು ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕುಳಿತ. "ಒತ್ತು" ಎನ್ನುವನು. "ಒತ್ತಿದೆ" ಎನ್ನುವಳು. ಅವನು ಸಣ್ಣ ನಟ್ಟು ಸಡಿಲಿಸಿ ಗುಳ್ಳೆ ಬಿಡುವನು, ಬಿಗಿಯುವನು. "ಬಿಡು" ಎನ್ನುವನು. "ಬಿಟ್ಟೆ" ಎನ್ನುವಳು. ಹೀಗೆ ಅರ್ಧ ಗಂಟೆ. ಗಂಡಹೆಂಡಿರು ಮಾತಿಗೆ ಮಾತು ಸೇರಿಸಿ ಅಷ್ಟು ಹೊತ್ತು ಹೊಂದಿಕೊಂಡು ಕೆಲಸ ಮಾಡಿದ್ದನ್ನು ಆಮೇಲೆ ಅವನೇ ನನಗೆ ಹೇಳಿ ಅತ್ತ. ಅದಕ್ಕೇ ನನಗೆ ಗೊತ್ತು.

ಗಾಡಿ ಹೊರಗೆ ತೆಗೆದರು. ಬ್ರೇಕ್ ಒತ್ತಿದರು. ಮೊದಲಿಗಿಂತ ಜೋರಾಗಿ ಎಡಕ್ಕೆ ಎಳೆಯಿತು.

ಇಲ್ಲಿ ಮರುಳಸಿದ್ಧ ನಡುವೆ ಬಾಯಿ ಹಾಕಿದ. "ಆಗಲಾದರೂ ಬಲದ್ದನ್ನು ಬಿಚ್ಚಬೇಕಿತ್ತಲ್ಲ ಬುದ್ಧೀ?"

ಬಿಚ್ಚಬೇಕಿತ್ತು, ಎಂದರು ಗುರುಗಳು. ಕೇಳುವವನಿಗೆ ಎಲ್ಲವೂ ಸುಲಭ. ಮೈಯೆಲ್ಲ ಎಣ್ಣೆ ಮಾಡಿಕೊಂಡು, ಹೆಂಡತಿಯ ಮುಂದೆ ಗೆದ್ದೆನೆಂದು ನಿಂತವನಿಗೆ ಸುಲಭವಲ್ಲ. ಬಲದ್ದನ್ನು ಬಿಚ್ಚಿದರೆ ಇಷ್ಟು ದಿನ ಮಾಡಿದ್ದು ತಪ್ಪಾದ ಕಡೆ ಎಂದು ಒಪ್ಪಿಕೊಂಡಂತಾಗುತ್ತದೆ. ಅವನು ಇನ್ನೊಂದು ರೀತಿ ಯೋಚಿಸಿದ. ಎಡದ್ದು ಸರಿಯಾಗಿದೆ, ನಾನೇ ಮಾಡಿದ್ದೇನೆ. ಆದರೂ ಎಳೆಯುತ್ತಿದೆ. ಹಾಗಾದರೆ ಅದರ ಸ್ವಭಾವವೇ ಅತಿ. ಅದರ ಸೊಕ್ಕು ಸ್ವಲ್ಪ ಮುರಿಯಬೇಕು.

ಶೆಡ್ಡಿನ ಅಟ್ಟದಲ್ಲಿ ಹಳೆಯ ಪ್ಯಾಡುಗಳಿದ್ದವು. ಯಾವುದನ್ನೂ ಎಸೆಯುವವನಲ್ಲ. ಕಾದು ಕಾದು ಅವುಗಳ ಮುಖ ಗಾಜಿನಂತಾಗಿತ್ತು. ಹಾಗಾದ ಪ್ಯಾಡು ತಟ್ಟೆಯನ್ನು ಕಚ್ಚುವುದಿಲ್ಲ, ಸವರುತ್ತದೆ. ಅವನು ಎಡದ ಒಳ್ಳೆಯ ಪ್ಯಾಡು ತೆಗೆದು ಆ ಹೊಳೆಯುವ ಪ್ಯಾಡು ಹಾಕಿದ. ಬಸ್ ನಿಲ್ದಾಣದ ಮುಂದಿನ ಸಮತಟ್ಟಾದ ರಸ್ತೆಯಲ್ಲಿ ಓಡಿಸಿದ. ಬ್ರೇಕ್ ಒತ್ತಿ ಸ್ಟಿಯರಿಂಗಿನಿಂದ ಎರಡೂ ಕೈ ಎತ್ತಿದ. ಗಾಡಿ ದಾರ ಹಿಡಿದಂತೆ ನೇರ ಹೋಗಿ ನಿಂತಿತು.

ನಿಂತದ್ದು ನನ್ನ ಅಂಗಡಿಯ ಮುಂದೆ. ನನಗೆ ತೋರಿಸಲೆಂದೇ ಬಂದಿದ್ದ.

"ನೋಡಿದ್ರಾ ಮೇಸ್ತ್ರಿ? ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ."

"ಎಳೆಯಲ್ಲ ಸರಿ. ನಿಲ್ಲುತ್ತಾ?" ಎಂದೆ.

"ನಿಂತಿಲ್ವೇನ್ರೀ ನಿಮ್ಮ ಮುಂದೆ?" ಎಂದು ನಕ್ಕ.

ಸುತ್ತ ನಿಂತಿದ್ದವರು ನಕ್ಕರು. ನಾನೂ ನಕ್ಕೆ. ಕೇಳಬೇಕಾದ ಪ್ರಶ್ನೆ ಸರಿಯಾಗಿಯೇ ಬಾಯಿಗೆ ಬಂದಿತ್ತು. ಎರಡನೆಯ ಸಲ ಕೇಳಲಿಲ್ಲ. ಏನು ಕಳೆದುಕೊಳ್ಳುತ್ತಿದ್ದೆ ನಾನು, ಕೇಳಿದ್ದರೆ? ಸ್ವಲ್ಪ ಮರ್ಯಾದೆ.

ಹೆಂಡತಿ ಒಂದು ವಾರ ಓಡಿಸಿದಳು. "ಎಳೆತ ಹೋಯ್ತು. ಆದ್ರೆ ನಿಲ್ಲೋಕೆ ಜಾಸ್ತಿ ದೂರ ತಗೊಳುತ್ತೆ ರೀ" ಎಂದಳು. ಅವನು, ಹೊಸ ಸೀಲು, ಹೊಂದಿಕೊಳ್ಳಬೇಕು, ಕಾಲು ಸ್ವಲ್ಪ ಗಟ್ಟಿಯಾಗಿ ಒತ್ತು ಎಂದ. ಗಂಡನ ಕೈಕೆಲಸದ ಮೇಲೆ ಆಕೆಗೆ ನಂಬಿಕೆಯಿತ್ತು. ಗಟ್ಟಿಯಾಗಿ ಒತ್ತಿದಳು.

ಒಂದು ಸೋಮವಾರ ಬೆಳಿಗ್ಗೆ ಇಳಿಯುವಾಗ, ಏಳನೆಯ ತಿರುವಿನಲ್ಲಿ ರಸ್ತೆ ಕೆಲಸದವರು ಜಲ್ಲಿ ಹರಡುತ್ತಿದ್ದರು. ಅವರು ಕಣ್ಣಾರೆ ನೋಡಿದ್ದನ್ನು ನನಗೆ ಹೇಳಿದರು. ಗಾಡಿ ವಾಲಲಿಲ್ಲ, ಜಾರಲಿಲ್ಲ, ಚಕ್ರ ಕಿರುಚಲಿಲ್ಲ. ಆಕೆ ಹಾರ್ನ್ ಒತ್ತಿ ಹಿಡಿದಿದ್ದಳು. ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಗಾಡಿ ನೇರವಾಗಿಯೇ ಹೋಯಿತು. ತಿರುಗಿದ್ದು ರಸ್ತೆ.

ಕಣಿವೆಯಿಂದ ಗಾಡಿ ಮೇಲೆತ್ತಿದಾಗ ನಾನೂ ಅಲ್ಲಿದ್ದೆ. ಬ್ರೇಕಿನ ಪೆಡಲ್ ಬಾಗಿ ಹೋಗಿತ್ತು. ಅಷ್ಟು ಬಲವಾಗಿ ಒತ್ತಿದ್ದಳು. ಹಿಂದಿನ ಚಕ್ರಗಳಿಗೂ ಬ್ರೇಕ್ ಇರುತ್ತದಲ್ಲ ಎಂದು ನೀನು ಕೇಳಬಹುದು. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬಂದಿರುತ್ತದೆ. ಅಲ್ಲಿ ತಡೆಯಬೇಕಾದವು ಮುಂದಿನವೇ.

ಆಕೆಯ ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ವ್ಯಾಪಾರಿ ನನ್ನ ಅಂಗಡಿಗೆ ಬಂದ. ಮುಖ ಕ್ಷೌರ ಕಂಡಿರಲಿಲ್ಲ. ಗೋಣಿಚೀಲದಲ್ಲಿ ಮುಂದಿನ ಎರಡೂ ಕ್ಯಾಲಿಪರ್ ತಂದಿದ್ದ. ಎಡದ್ದನ್ನು ಮೊದಲು ಮೇಜಿನ ಮೇಲಿಟ್ಟ.

"ಇದನ್ನ ನಾನು ಕಟ್ಟಿದ್ದು. ಎಲ್ಲಿ ತಪ್ಪಿದೆ ಹೇಳು" ಎಂದ. ಅಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸುತ್ತಿದ್ದವನು ಅಂದು ಏಕವಚನಕ್ಕೆ ಬಂದಿದ್ದ. ಅದು ಸಲುಗೆಯಲ್ಲ, ಹಿಡಿದುಕೊಳ್ಳಲು ಏನೂ ಉಳಿದಿಲ್ಲದವನ ಮಾತು.

ನಾನು ಬಿಚ್ಚಿದೆ. ಒಂದು ಗೀರಿಲ್ಲ. ಸೀಲ್ ಮಲಗಿದ ಮಗುವಿನಂತೆ ತನ್ನ ಜಾಗದಲ್ಲಿತ್ತು. ಬೆರಳಿನಿಂದ ನೂಕಿದರೆ ಪಿಸ್ಟನ್ ಹೋಗುತ್ತಿತ್ತು. ಅಷ್ಟು ಚೆನ್ನಾಗಿ ಕಟ್ಟಿದ ಕ್ಯಾಲಿಪರ್ ನನ್ನ ಕೈಯಿಂದಲೂ ಎಂದೂ ಆಗಿರಲಿಲ್ಲ. ಹಾಗೆಂದು ಹೇಳಿದೆ. ಅವನ ಮುಖದಲ್ಲಿ ಒಂದು ಕ್ಷಣ ಜೀವ ಬಂತು. ಆ ಕ್ಷಣವನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಬಲದ್ದನ್ನು ಎತ್ತಿಕೊಂಡೆ. ಮೇಲಿನಿಂದ ಹೊಸದರಂತಿತ್ತು. ಗಾಳಿ ಕೊಟ್ಟೆ, ಪಿಸ್ಟನ್ ಅಲುಗಲಿಲ್ಲ. ಬಿಗಿದು ಹಿಡಿಯುವ ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಹೊಡೆದೆ, ಅಲುಗಲಿಲ್ಲ. ಹಳೆಯ ಬ್ರೇಕ್ ಎಣ್ಣೆ ನೀರು ಕುಡಿಯುತ್ತದೆ. ಆ ನೀರಿನಿಂದ ಒಳಗೆ ತುಕ್ಕು ಕಟ್ಟಿ ಪಿಸ್ಟನ್ನೂ ಅದರ ಸುತ್ತಿನ ಗೋಡೆಯೂ ಒಂದೇ ಆಗಿಹೋಗಿದ್ದವು. ಆ ಚಕ್ರ ಎಷ್ಟೋ ತಿಂಗಳಿಂದ ಏನನ್ನೂ ಹಿಡಿದಿರಲಿಲ್ಲ. ಅದಕ್ಕೇ ತಣ್ಣಗಿತ್ತು. ಅದಕ್ಕೇ ಕಪ್ಪಾಗಿರಲಿಲ್ಲ.

ಅವನು ನೋಡುತ್ತ ನಿಂತಿದ್ದ. ನಾನು ಎಡದ ಪ್ಯಾಡು ಕೈಗೆತ್ತಿಕೊಂಡೆ. ಅದರಲ್ಲಿ ನನ್ನ ಮುಖ ಕಂಡಿತು.

"ಈ ಸತ್ತ ಪ್ಯಾಡು ಹಾಕಿದ್ದು ಯಾರು?"

"ನಾನೇ."

"ಯಾಕೆ?"

"ಎಳೀತಿತ್ತು."

"ಸಾಹುಕಾರ್ರೆ, ಅದೊಂದೇ ಹಿಡೀತಿತ್ತು."

ಅವನು ಕುಳಿತುಬಿಟ್ಟ. ಅಳಲಿಲ್ಲ. ಅಂದು ಇಬ್ಬರೂ ಸೇರಿ ಗಾಳಿ ತೆಗೆದದ್ದನ್ನು ಹೇಳತೊಡಗಿದ. ಆಕೆ ಒತ್ತಿದೆ ಎಂದದ್ದು, ಬಿಟ್ಟೆ ಎಂದದ್ದು. ಆಗ ಅತ್ತ. ನಿಮ್ಮ ತಪ್ಪಿಲ್ಲ ಎಂದು ನಾನು ಹೇಳಲಿಲ್ಲ, ತಪ್ಪು ಇದ್ದದ್ದರಿಂದ. ನನ್ನ ತಪ್ಪೂ ಇದೆ ಎಂದು ಹೇಳಬೇಕಿತ್ತು, ಅದನ್ನೂ ಹೇಳಲಿಲ್ಲ. ಅವನು ಎದ್ದು ಹೋದ. ಪಾತ್ರೆ ಅಂಗಡಿ ಮತ್ತೆ ತೆರೆಯಲಿಲ್ಲ. ಆ ವರ್ಷವೇ ನಾನೂ ಅಂಗಡಿ ಮುಚ್ಚಿದೆ. ನಾನು ಕಾವಿ ಉಟ್ಟದ್ದಕ್ಕೆ ಜನ ಏನೇನೋ ಕಾರಣ ಹೇಳುತ್ತಾರೆ, ಪೂರ್ವಜನ್ಮದ ಪುಣ್ಯ ಎನ್ನುವವರೂ ಇದ್ದಾರೆ. ಪುಣ್ಯ ಅಂತೆ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ತಲೆ ತಗ್ಗಿಸಿ ಕುಳಿತಿದ್ದ. ಅವನು ಮೂರ್ಖನಲ್ಲ. ಕೈ ಮುಗಿದು ಹೇಳಿದ:

"ತಿಳಿಯಿತು ಬುದ್ಧೀ. ಹಿಡಿಯುತ್ತಿದ್ದವನನ್ನೇ ನಾನು ತೆಗೆದೆ. ನಾಳೆಯೇ ಹೂದೋಟಕ್ಕೆ ಹೋಗಿ, ಉಗ್ರಾಣಕ್ಕೆ ವಾಪಸು ಬಾ ಎಂದು ಕರೆಯುತ್ತೇನೆ."

"ಬರುತ್ತಾನೆ" ಎಂದರು ಗುರುಗಳು. "ಬಂದು, ಕಚೇರಿಯ ಯಜಮಾನರ ಹಾಗೆ ಇನ್ನು ನೀನು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾನೆ."